ಕಜ್ಜಿ: ತುರಿಕೆ ಇಲ್ಲದವರೂ ಯಾಕೆ ಮುಲಾಮು ಹಚ್ಚಬೇಕು?

(ತೆರೆಯ ಮೇಲೆ: ಬೆರಳ ಸಂದಿಯ ಚಿತ್ರ, ಸಣ್ಣ ಗುಳ್ಳೆಗಳು)

ಹಗಲೆಲ್ಲ ಹೇಗೋ ಕಳೆಯುತ್ತದೆ. ರಾತ್ರಿ ಹಾಸಿಗೆಗೆ ಬಿದ್ದ ಕೂಡಲೇ ತುರಿಕೆ ಶುರು. ಬೆರಳ ಸಂದಿ, ಮಣಿಕಟ್ಟು, ಸೊಂಟದ ಸುತ್ತ. ಕೆಲವು ವಾರ ಕಳೆದರೆ ಮನೆಯಲ್ಲಿ ಇನ್ನೊಬ್ಬರೂ ಕೆರೆದುಕೊಳ್ಳುತ್ತಿರುತ್ತಾರೆ.

ನಮಸ್ಕಾರ. ಕಜ್ಜಿ ಅಂತ ನಾವು ಹತ್ತಾರು ಬಗೆಯ ತುರಿಕೆಗೆ ಹೇಳುತ್ತೇವೆ. ಇವತ್ತಿನ ಮಾತು ಹುಳದಿಂದ ಬರುವ ಕಜ್ಜಿಯದ್ದು, ಡಾಕ್ಟರು ಸ್ಕೇಬೀಸ್ ಅನ್ನುತ್ತಾರಲ್ಲ, ಅದು. ದಿನಕ್ಕೆ ಎರಡು ಸಲ ಸ್ನಾನ ಮಾಡುವವರಿಗೂ ಇದು ಬರುತ್ತದೆ. ನಾಚಿಕೊಂಡು ಮುಚ್ಚಿಟ್ಟರೆ ಹುಳಕ್ಕೇ ಲಾಭ.

(ತೆರೆಯ ಮೇಲೆ: ಚರ್ಮದೊಳಗೆ ಬಿಲ ಕೊರೆಯುವ ಹುಳ)

ಹುಳ ಅರ್ಧ ಮಿಲಿಮೀಟರೂ ಇಲ್ಲ. ಹೆಣ್ಣು ಹುಳ ಚರ್ಮದ ಮೇಲ್ಪದರದಲ್ಲಿ ಬಿಲ ಕೊರೆದು ದಿನಕ್ಕೆ 2-3 ಮೊಟ್ಟೆ ಇಡುತ್ತದೆ. ಮೈಯೆಲ್ಲ ಕೆರೆದುಕೊಳ್ಳುವವರಲ್ಲೂ ಸಾಮಾನ್ಯವಾಗಿ ಇರುವುದು ಬರೀ 10-15 ಹುಳ! ಅಷ್ಟಕ್ಕೇ ಇಷ್ಟು ತುರಿಕೆ ಯಾಕೆ? ಹುಳ, ಅದರ ಮೊಟ್ಟೆ, ಹಿಕ್ಕೆ ಇವುಗಳಿಗೆ ನಮ್ಮ ಮೈಗೆ ಅಲರ್ಜಿ ಆಗುತ್ತದೆ.

ಎಡವಟ್ಟು ಆಗುವುದೂ ಇಲ್ಲೇ. ಮೊದಲ ಸಲ ಅಂಟಿದಾಗ ಈ ಅಲರ್ಜಿ ಏಳಲು ಸುಮಾರು 4ರಿಂದ 6 ವಾರ ಹಿಡಿಯುತ್ತದೆ. ಅಲ್ಲಿವರೆಗೆ ತುರಿಕೆ ಇಲ್ಲ, ಆದರೂ ಆ ವ್ಯಕ್ತಿಯಿಂದ ಬೇರೆಯವರಿಗೆ ಹುಳ ದಾಟುತ್ತಿರುತ್ತದೆ. "ನನಗೇನೂ ಆಗಿಲ್ಲ, ನನಗ್ಯಾಕೆ ಮುಲಾಮು?" ಅನ್ನುವವರು ಮನೆಯಲ್ಲಿ ಒಬ್ಬರಿದ್ದರೆ ಸಾಕು. ಉಳಿದವರಿಗೆ ವಾಸಿಯಾಗಿ, ಅವರಿಂದಲೇ ಮತ್ತೆ ಹತ್ತಿಕೊಳ್ಳುತ್ತದೆ.

ಅದಕ್ಕೇ ಮನೆಮಂದಿಯೆಲ್ಲ ಒಂದೇ ರಾತ್ರಿ ಹಚ್ಚಬೇಕು. ಡಾಕ್ಟರು ಹೆಚ್ಚಾಗಿ ಬರೆಯುವುದು 5% ಪರ್ಮೆಥ್ರಿನ್ ಕ್ರೀಮ್. ತುರಿಸುವ ಜಾಗಕ್ಕಷ್ಟೇ ಸವರಿದರೆ ದಂಡ. ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಸಂದಿ, ಹೊಕ್ಕುಳು ಬಿಡದೆ ಹಚ್ಚಿ. 8ರಿಂದ 14 ಗಂಟೆ ಮೈಮೇಲಿರಬೇಕು. ಮಧ್ಯೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು, ಜಾಸ್ತಿ ಜನ ಮರೆಯುವುದು ಇದನ್ನೇ. ವಾರ ಬಿಟ್ಟು ಇನ್ನೊಂದು ಸಲ. ಹಸುಗೂಸು, ಗರ್ಭಿಣಿ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

(ತೆರೆಯ ಮೇಲೆ: ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲ)

ಬೆಳಿಗ್ಗೆ ಬಟ್ಟೆಗಳ ಕೆಲಸ. ಮೈಬಿಟ್ಟ ಹುಳ ಸಾಮಾನ್ಯವಾಗಿ 2-3 ದಿನಕ್ಕಿಂತ ಜಾಸ್ತಿ ಬದುಕುವುದಿಲ್ಲ. ಹಾಗಾಗಿ ಹಿಂದಿನ 3 ದಿನ ಬಳಸಿದ ಬಟ್ಟೆ, ಟವೆಲ್, ಹೊದಿಕೆಗಳನ್ನು ಚೆನ್ನಾಗಿ ಬಿಸಿಯಿರುವ ನೀರಲ್ಲಿ ಒಗೆದರೆ ಆಯಿತು. ಒಗೆಯಲಾಗದ ಕಂಬಳಿ, ಮಕ್ಕಳ ಗೊಂಬೆಗಳನ್ನು ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಒಂದು ವಾರ ಮೂಲೆಯಲ್ಲಿಡಿ. ಮನೆಯೆಲ್ಲ ಕೀಟನಾಶಕ ಹೊಡೆಯುವುದು ಬೇಡ. ಇದು ಹೆಚ್ಚಾಗಿ ಹರಡುವುದು ಮೈಗೆ ಮೈ ತಾಗಿ, ಗೋಡೆಯಿಂದ ಅಲ್ಲ. ಪಾಪ, ನಾಯಿಯನ್ನೂ ಸುಮ್ನೆ ಬೈಯಬೇಡಿ. ಅದರ ಕಜ್ಜಿ ಹುಳವೇ ಬೇರೆ, ನಮ್ಮ ಮೈಮೇಲೆ ಅದು ಸಂತಾನ ಬೆಳೆಸಲಾರದು.

ಇನ್ನೊಂದು ವಿಷಯ. ಹುಳ ಸತ್ತ ಮೇಲೂ 2ರಿಂದ 4 ವಾರ ತುರಿಕೆ ಇರಬಹುದು. ಔಷಧಿ ಕೆಲಸ ಮಾಡಿಲ್ಲ ಅಂದುಕೊಂಡು ದಿನಾ ಕ್ರೀಮ್ ಮೆತ್ತಿಕೊಳ್ಳಬೇಡಿ, ಚರ್ಮ ಉರಿಯುತ್ತದೆ. 4 ವಾರ ದಾಟಿದರೂ ತುರಿಕೆ ನಿಲ್ಲದಿದ್ದರೆ, ಇಲ್ಲವೇ ಹೊಸ ಗುಳ್ಳೆ ಎದ್ದರೆ, ಡಾಕ್ಟರಿಗೆ ಮತ್ತೆ ತೋರಿಸಿ.