ಮೂರು ಬೆರಳಿನ ಅಗಲ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಹೇಳಹೊರಟಿರುವುದು ಆಸ್ಟ್ರಿಯಾದ ಥಾಮಸ್ ಮಾರ್ಗನ್‌ಸ್ಟರ್ನ್ ಬಗ್ಗೆ. ಸ್ಕೀ ಜಂಪಿಂಗ್ ಆಟಗಾರ. ಹಿಮವನ್ನೇ ಕಾಣದ ನಮಗೆ ಈ ಆಟ ಸ್ವಲ್ಪ ಹುಚ್ಚಾಟದ ಹಾಗೆ ಕಾಣುತ್ತದೆ. ಗಂಟೆಗೆ ಸುಮಾರು 90 ಕಿ.ಮೀ. ವೇಗದಲ್ಲಿ ಇಳಿಜಾರು ಜಾರಿ ಬರಬೇಕು. ತುದಿಯಲ್ಲಿ ಚಿಮ್ಮಬೇಕು. ಆಮೇಲೆ ಕಾಲಿಗೆ ಕಟ್ಟಿದ ಎರಡು ಉದ್ದ ಹಲಗೆಗಳನ್ನು, ಅಂದರೆ ಸ್ಕೀಗಳನ್ನು, 'ವಿ' ಆಕಾರದಲ್ಲಿ ಅಗಲಿಸಿ ಗಾಳಿಯ ಮೇಲೆ ಒರಗಬೇಕು. ಕೈಯಲ್ಲಿ ಕೋಲಿಲ್ಲ, ಎಲ್ಲೂ ಬ್ರೇಕಿಲ್ಲ.

ಮಾರ್ಗನ್‌ಸ್ಟರ್ನ್ ಹುಟ್ಟಿದ್ದು 1986ರಲ್ಲಿ, ಕರಿಂಥಿಯಾ ಪ್ರಾಂತ್ಯದ ಸ್ಪಿಟಾಲ್ ಊರಿನಲ್ಲಿ. 2003ರ ಜನವರಿಯಲ್ಲಿ ಜೆಕ್ ದೇಶದ ಲಿಬೆರೆಕ್‌ನಲ್ಲಿ ಮೊದಲ ವಿಶ್ವಕಪ್ ಸ್ಪರ್ಧೆ (ಇಲ್ಲಿ ವಿಶ್ವಕಪ್ ಎಂದರೆ ಚಳಿಗಾಲವಿಡೀ ನಡೆಯುವ ಸ್ಪರ್ಧೆಗಳ ಸರಣಿ) ಗೆದ್ದಾಗ ಇನ್ನೂ ಹದಿನಾರು ವರ್ಷ. ಅದೇ ವರ್ಷ ನವೆಂಬರ್‌ನಲ್ಲಿ ಫಿನ್ಲೆಂಡಿನ ಕುಸಾಮೊದಲ್ಲಿ ಗಾಳಿಯಲ್ಲೇ ಪಲ್ಟಿ ಹೊಡೆದು ಬಿದ್ದ. ನೋಡಿದವರ ಎದೆ ಝಲ್ಲೆಂದಿತ್ತು. ಆದರೆ ಪೆಟ್ಟು ಅಷ್ಟೇನೂ ದೊಡ್ಡದಾಗಿರಲಿಲ್ಲ. ಅದೇ ಚಳಿಗಾಲ ಮತ್ತೆ ಜಿಗಿಯಲು ಬಂದ.

2006ರ ಟುರಿನ್ ಒಲಿಂಪಿಕ್ಸ್‌ಗೆ ಬರೋಣ. ದೊಡ್ಡ ಬೆಟ್ಟದ ಫೈನಲ್ (ಜಿಗಿಯುವ ಇಳಿಜಾರನ್ನೇ ಈ ಆಟದಲ್ಲಿ ಬೆಟ್ಟ ಅನ್ನುತ್ತಾರೆ, ಅಳತೆಗೆ ತಕ್ಕಂತೆ ದೊಡ್ಡದು, ಸಣ್ಣದು). ಮಾರ್ಗನ್‌ಸ್ಟರ್ನ್‌ಗೆ 276.9 ಅಂಕ. ಅವನದೇ ತಂಡದ ಆಂಡ್ರಿಯಾಸ್ ಕೋಫ್ಲರ್‌ಗೆ 276.8. ಮೂರನೆಯವನು 25ಕ್ಕೂ ಹೆಚ್ಚು ಅಂಕ ಹಿಂದೆ! ಕೂದಲೆಳೆ ಅಂತರ ಅಂತ ನಾವು ಸುಮ್ನೆ ಹೇಳುತ್ತೇವಲ್ಲ, ಇಲ್ಲಿ ಅದನ್ನು ಲೆಕ್ಕ ಹಾಕಿಯೇ ನೋಡಬಹುದು. ದೊಡ್ಡ ಬೆಟ್ಟದಲ್ಲಿ ಜಿಗಿದ ದೂರದ ಒಂದೊಂದು ಮೀಟರ್‌ಗೆ 1.8 ಅಂಕ. ಅಂದರೆ 0.1 ಅಂಕ ಎಂದರೆ ಐದೂವರೆ ಸೆಂಟಿಮೀಟರ್. ಮೂರು ಬೆರಳಿನ ಅಗಲ, ಅಷ್ಟೇ. ನಿಜ ಹೇಳಬೇಕೆಂದರೆ ದೂರವನ್ನು ಅಳೆಯುವುದೇ ಅರ್ಧ ಮೀಟರ್ ಲೆಕ್ಕದಲ್ಲಿ. ಹಾಗಾಗಿ ಇಷ್ಟು ಸಣ್ಣ ಅಂತರ ಹುಟ್ಟಬೇಕಾದರೆ ತೀರ್ಪುಗಾರರು ಶೈಲಿಗೆ ಕೊಡುವ ಅಂಕವೂ ಸೇರಬೇಕು. ಐವರು ತೀರ್ಪುಗಾರರಲ್ಲಿ ಅತಿ ಹೆಚ್ಚು, ಅತಿ ಕಡಿಮೆ ಕೊಟ್ಟವರ ಅಂಕ ಬಿಟ್ಟು ಉಳಿದ ಮೂವರದ್ದನ್ನು ಕೂಡುತ್ತಾರೆ. ನನಗಂತೂ ಕೋಫ್ಲರ್ ನೆನೆದರೆ ಪಾಪ ಅನಿಸುತ್ತದೆ. 2011ರ ಓಸ್ಲೊ ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ ಸಣ್ಣ ಬೆಟ್ಟದ ಚಿನ್ನ ಮಾರ್ಗನ್‌ಸ್ಟರ್ನ್‌ಗೆ, ಬೆಳ್ಳಿ ಮತ್ತೆ ಕೋಫ್ಲರ್‌ಗೆ.

ಉಳಿದ ಗೆಲುವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 2007-08ರಲ್ಲಿ ಋತುವಿನ ಮೊದಲ ಆರು ಸ್ಪರ್ಧೆಗಳನ್ನೂ ಗೆದ್ದ, ಇಡೀ ಸರಣಿಯ ವಿಶ್ವಕಪ್ ಕಿರೀಟವೂ ಬಂತು. 2010-11ರಲ್ಲಿ ಎರಡನೇ ಕಿರೀಟ, ಜೊತೆಗೆ ಜರ್ಮನಿ ಮತ್ತು ಆಸ್ಟ್ರಿಯಾದ ನಾಲ್ಕು ಬೆಟ್ಟಗಳಲ್ಲಿ ನಡೆಯುವ ಫೋರ್ ಹಿಲ್ಸ್ ಟೂರ್ನಿ. ಒಟ್ಟು 23 ವಿಶ್ವಕಪ್ ಸ್ಪರ್ಧೆಗಳಲ್ಲಿ ಗೆಲುವು. ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ, ಅದರಲ್ಲಿ ಎರಡು ತಂಡದ್ದು.

ಈಗ 2013ರ ಡಿಸೆಂಬರ್. ಜರ್ಮನಿಯ ಟಿಟಿಸೀ-ನಾಯ್‌ಶ್ಟಾಟ್‌ನಲ್ಲಿ ಬಿದ್ದು ಬೆರಳು ಮುರಿಯಿತು. ಮುರಿದ ಬೆರಳಿನಲ್ಲೇ ಫೋರ್ ಹಿಲ್ಸ್ ಆಡಿ ಎರಡನೆಯವನಾದ. ಅದಾಗಿ ಕೆಲವೇ ದಿನಕ್ಕೆ, 2014ರ ಜನವರಿ 10ರಂದು, ಆಸ್ಟ್ರಿಯಾದ ಕುಲ್ಮ್ ಬೆಟ್ಟದಲ್ಲಿ ಅಭ್ಯಾಸದ ಜಿಗಿತ. ಕುಲ್ಮ್ ಎಂದರೆ ಸ್ಕೀ ಫ್ಲೈಯಿಂಗ್ ಬೆಟ್ಟ. ಅಲ್ಲಿ ವೇಗವೂ ಜಾಸ್ತಿ, ದೂರವೂ ಜಾಸ್ತಿ, ಇನ್ನೂರು ಮೀಟರ್ ದಾಟುತ್ತಾರೆ. ಅಲ್ಲಿ ಗಾಳಿಯಲ್ಲಿ ಸಮತೋಲ ತಪ್ಪಿ ಬಿದ್ದ. ತಲೆಬುರುಡೆಗೆ ಗಾಯ, ಶ್ವಾಸಕೋಶಕ್ಕೂ ಪೆಟ್ಟು. ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಒಯ್ದರು.

ಗಾಳಿಯಲ್ಲಿ ತಪ್ಪು ಎಷ್ಟು ದೊಡ್ಡದಾಗಿರಬೇಕು ಹೇಳಿ? ಒಂದು ಸ್ಕೀ ಚೂರು ಓರೆಯಾದರೆ, ಗಾಳಿ ಅದರ ಅಡಿಯಿಂದ ಜಾರಿಕೊಂಡರೆ ಸಾಕು. 2006ರಲ್ಲಿ ಚಿನ್ನ ಕೊಟ್ಟದ್ದೂ ಇಂಥದೇ ಚೂರು ಅಂತರ ಅಲ್ವಾ?

ಆಮೇಲೆ ನಡೆದದ್ದು ನನಗೆ ಈಗಲೂ ಅಚ್ಚರಿ. ಒಂದೇ ತಿಂಗಳಲ್ಲಿ ಸೋಚಿ ಒಲಿಂಪಿಕ್ಸ್‌ಗೆ ಹೋಗಿ ಜಿಗಿದ! ತಂಡದ ಬೆಳ್ಳಿಯೂ ಬಂತು, ಚಿನ್ನ ಗೆದ್ದ ಜರ್ಮನಿಗಿಂತ ಮೂರು ಅಂಕವೂ ಹಿಂದಿರಲಿಲ್ಲ. ಹೋಗಬೇಕಿತ್ತೇ ಎಂದು ಕೇಳಿದರೆ, ನಾನಾಗಿದ್ದರೆ ಬೇಡ ಅನ್ನುತ್ತಿದ್ದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಿವೃತ್ತಿ ಘೋಷಿಸಿದ. ಆಗ ಅವನಿಗೆ ಇಪ್ಪತ್ತೇಳು ವರ್ಷ. ಹದಿನೇಳರಲ್ಲಿ ಬಿದ್ದಾಗ ತಿರುಗಿ ಬಂದವನು ಈ ಸಲವೂ ಬಂದ, ಆದರೆ ಉಳಿಯಲಿಲ್ಲ. ನನ್ನ ಲೆಕ್ಕದಲ್ಲಿ ಆ ನಿರ್ಧಾರಕ್ಕೆ ಬೇಕಾದ ಧೈರ್ಯ ಸೋಚಿಗಿಂತ ಜಾಸ್ತಿ. ಈಗ ಅವನು ಹೆಲಿಕಾಪ್ಟರ್ ಪೈಲಟ್.

ಸರಿ, ಲೈಟ್ ಆರಿಸಿ. 2006ರ ಆ ಕೊನೆಯ ಜಿಗಿತ, 140 ಮೀಟರ್, ಒಮ್ಮೆ ನೋಡೋಣ. ಕುಲ್ಮ್‌ನ ವಿಡಿಯೊ ಬೇಡ.