ನೆಲದ ಶಾಖಕ್ಕೂ ಕಡಲಡಿಯ ತಂತಿಗೂ ಒಂದೇ ಸಮೀಕರಣ

ಮಾನ್ಯ ಅಧ್ಯಾಪಕರೇ, ವಿದ್ಯಾರ್ಥಿ ಮಿತ್ರರೇ,

ಆಂಶಿಕ ಅವಕಲ ಸಮೀಕರಣಗಳನ್ನು, ಅಂದರೆ ಸ್ಥಳ ಕಾಲಗಳಂಥ ಹಲವು ಅಂಶಗಳೊಂದಿಗೆ ಒಂದು ಪರಿಮಾಣ ಬದಲಾಗುವ ದರಗಳನ್ನು ಜೋಡಿಸುವ ಸಮೀಕರಣಗಳನ್ನು, ಬಿಡಿಸುವ ಕ್ರಮವನ್ನು ನಮ್ಮ ಇಂಜಿನಿಯರಿಂಗ್ ತರಗತಿಗಳಲ್ಲಿ ಚೆನ್ನಾಗಿಯೇ ಕಲಿಸುತ್ತೇವೆ. ಆದರೆ ಬಿಡಿಸುವುದಕ್ಕೆ ಮೊದಲು ಸಮೀಕರಣ ಏನು ಹೇಳುತ್ತಿದೆ ಎಂದು ಓದಿ ನೋಡುವುದನ್ನು ಅಷ್ಟು ಶ್ರದ್ಧೆಯಿಂದ ಕಲಿಸುವುದಿಲ್ಲ. ಗಣಿತ ವಿಶ್ಲೇಷಣೆಯ ಬಲ ಬಹುಪಾಲು ಈ ಓದಿನಲ್ಲಿಯೇ ಇದೆ ಎಂಬುದು ನನ್ನ ನಂಬಿಕೆ. ಅದನ್ನು ತೋರಿಸಲು ಉಷ್ಣವಹನದ ಸಮೀಕರಣವನ್ನು ಆರಿಸಿಕೊಂಡಿದ್ದೇನೆ.

ಗ್ರೆನೋಬಲ್‌ನಲ್ಲಿ ಆಡಳಿತಾಧಿಕಾರಿಯಾಗಿದ್ದ ಜೋಸೆಫ್ ಫೋರಿಯರ್, ಘನವಸ್ತುಗಳಲ್ಲಿ ಶಾಖ ಹರಡುವ ಬಗೆಯನ್ನು ಕುರಿತ ಪ್ರಬಂಧವನ್ನು 1807ರಲ್ಲಿ ಪ್ಯಾರಿಸ್ಸಿನ ವಿದ್ವಾಂಸರ ಮುಂದಿಟ್ಟರು. ಒಂದು ಬಿಂದುವಿನ ತಾಪಮಾನ ಕಾಲದೊಂದಿಗೆ ಬದಲಾಗುವ ದರವು, ಅಲ್ಲಿ ತಾಪಮಾನದ ರೇಖೆ ಎಷ್ಟು ಬಾಗಿದೆ ಎಂಬುದನ್ನು, ಅಂದರೆ ದೂರಕ್ಕೆ ಸಂಬಂಧಿಸಿದ ಎರಡನೆಯ ಅವಕಲನವನ್ನು (ಬದಲಾವಣೆಯ ದರವೇ ಬದಲಾಗುವ ದರವನ್ನು) ಅವಲಂಬಿಸುತ್ತದೆ ಎಂಬುದೇ ಅದರ ತಿರುಳು. ಸ್ಥಳ ಮತ್ತು ಕಾಲಗಳನ್ನು ಬೇರ್ಪಡಿಸಿ, ಆರಂಭದ ತಾಪಮಾನವನ್ನು ಸೈನ್ ಅಲೆಗಳ ಮೊತ್ತವಾಗಿ ಬರೆದು, ಪ್ರತಿಯೊಂದು ಅಲೆಯೂ ತನ್ನದೇ ವೇಗದಲ್ಲಿ ಕ್ಷೀಣಿಸುವುದನ್ನು ಅವರು ತೋರಿಸಿದರು. ಯಾವ ಫಲನವನ್ನಾದರೂ ಹೀಗೆ ಬರೆಯಬಹುದೆಂಬ ಮಾತನ್ನು ಆಗಿನ ಹಿರಿಯ ಗಣಿತಜ್ಞ ಲಗ್ರಾಂಜ್ ಒಪ್ಪಲಿಲ್ಲ. ಫೋರಿಯರ್ ಅವರ ಗ್ರಂಥ ಹೊರಬಂದದ್ದು 1822ರಲ್ಲಿ.

ಈಗ ಸಮೀಕರಣವನ್ನು ಬಿಡಿಸದೆ ಸುಮ್ಮನೆ ನೋಡಿ. ಕಾಲಕ್ಕೆ ಒಂದು ಅವಕಲನ, ದೂರಕ್ಕೆ ಎರಡು. ಆದ್ದರಿಂದ ಕಾಲವು ದೂರದ ವರ್ಗದಂತೆ ಬೆಳೆಯಲೇಬೇಕು: ದೂರ ಇಮ್ಮಡಿಯಾದರೆ ತಗಲುವ ಸಮಯ ನಾಲ್ಮಡಿ. ಹಗಲು ರಾತ್ರಿಯ ಬಿಸಿಯ ಏರಿಳಿತ ನೆಲದಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆಯೋ, ವರ್ಷದ ಋತುಗಳ ಏರಿಳಿತ ಅದರ √365 ಪಟ್ಟು, ಅಂದರೆ ಸುಮಾರು 19 ಪಟ್ಟು ಆಳಕ್ಕೆ ಇಳಿಯಬೇಕು. ಸಾಧಾರಣ ಮಣ್ಣಿನಲ್ಲಿ ದಿನದ ಅಲೆ ಹತ್ತು ಹನ್ನೆರಡು ಸೆಂಟಿಮೀಟರಿನಲ್ಲೇ ಮೂರನೆಯ ಒಂದು ಪಾಲಿಗೆ ಕುಗ್ಗಿದರೆ, ವರ್ಷದ ಅಲೆ ಅಷ್ಟು ಕುಗ್ಗಲು ಎರಡು ಮೀಟರಿಗೂ ಹೆಚ್ಚು ಆಳ ಬೇಕು. ಏಳು ಮೀಟರಿನ ಸುಮಾರಿಗೆ ಬೇಸಿಗೆಯ ಬಿಸಿ ಆರು ತಿಂಗಳು ತಡವಾಗಿ, ಮೇಲೆ ಚಳಿಗಾಲವಿರುವಾಗ ತಲುಪುತ್ತದೆ. ಆದರೆ ಅಷ್ಟರಲ್ಲಿ ಅದು ಮೇಲ್ಮೈಯ ಏರಿಳಿತದ ನೂರಕ್ಕೆ ನಾಲ್ಕರಷ್ಟೇ ಉಳಿದಿರುತ್ತದೆ.

1850ರ ದಶಕದಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಟೆಲಿಗ್ರಾಫ್ ತಂತಿ ಎಳೆಯುವ ಯೋಚನೆ ನಡೆದಾಗ, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ ಆ ತಂತಿಯೊಳಗೂ ಇದೇ ಸಮೀಕರಣವನ್ನು ಕಂಡರು. ತಾಪಮಾನದ ಜಾಗದಲ್ಲಿ ವೋಲ್ಟೇಜ್, ಶಾಖದ ಜಾಗದಲ್ಲಿ ವಿದ್ಯುದಾವೇಶ. ಹಾಗಾದರೆ ಸಂಕೇತ ತಲುಪುವ ವಿಳಂಬವೂ ಉದ್ದದ ವರ್ಗದಂತೆ ಬೆಳೆಯಬೇಕು. ಯೋಜನೆಯ ವಿದ್ಯುತ್ ತಜ್ಞ ವೈಟ್‌ಹೌಸ್ ಇದನ್ನು ಒಪ್ಪದೆ, ಹೆಚ್ಚಿನ ವೋಲ್ಟೇಜನ್ನು ನೆಚ್ಚಿಕೊಂಡರು. ಆದರೆ ಸಮೀಕರಣ ರೇಖೀಯವಾದದ್ದು: ವೋಲ್ಟೇಜನ್ನು ಹತ್ತು ಪಟ್ಟು ಮಾಡಿದರೆ ಅಲೆಯ ಎತ್ತರ ಹತ್ತು ಪಟ್ಟಾಗುತ್ತದೆಯೇ ಹೊರತು ಅದು ಹರಡಿಕೊಳ್ಳುವ ಕಾಲ ಒಂದಿಷ್ಟೂ ಕಡಿಮೆಯಾಗುವುದಿಲ್ಲ. 1858ರ ಆ ತಂತಿಯಲ್ಲಿ ವಿಕ್ಟೋರಿಯಾ ರಾಣಿಯ ನೂರು ಪದಗಳಷ್ಟೂ ಇಲ್ಲದ ಸಂದೇಶಕ್ಕೆ ಸುಮಾರು 16 ಗಂಟೆ ಹಿಡಿಯಿತು. ಮೊದಲೇ ದುರ್ಬಲವಾಗಿದ್ದ ತಂತಿ ಹೆಚ್ಚಿನ ವೋಲ್ಟೇಜಿನಿಂದ ಇನ್ನಷ್ಟು ಹದಗೆಟ್ಟು ಕೆಲವೇ ವಾರಗಳಲ್ಲಿ ನಿಂತುಹೋಯಿತು. ಕಾಲವನ್ನು ಕಡಿಮೆ ಮಾಡಬೇಕಾದರೆ ರೋಧ (ತಂತಿ ವಿದ್ಯುತ್ತಿಗೆ ಒಡ್ಡುವ ತಡೆ) ಮತ್ತು ಧಾರಕತೆ (ತಂತಿ ವಿದ್ಯುದಾವೇಶವನ್ನು ಹಿಡಿದಿಟ್ಟುಕೊಳ್ಳುವ ಗುಣ) ಇವುಗಳ ಗುಣಲಬ್ಧವನ್ನು ಇಳಿಸಬೇಕು, ಅಂದರೆ ತಾಮ್ರವೂ ಅದರ ಸುತ್ತಲಿನ ಹೊದಿಕೆಯೂ ದಪ್ಪವಾಗಬೇಕು. 1866ರಲ್ಲಿ ಯಶಸ್ವಿಯಾದ ತಂತಿ ಅಂಥದ್ದು.

ಈ ಸಮೀಕರಣಕ್ಕೂ ಒಂದು ಮಿತಿಯಿತ್ತು. ಇದರ ಪ್ರಕಾರ ಸಂಕೇತದ ಅತಿ ಕ್ಷೀಣ ಅಂಶವೊಂದು ಕ್ಷಣಮಾತ್ರದಲ್ಲಿ ಆಚೆ ದಡ ಮುಟ್ಟಬೇಕು, ಅದು ಅಸಾಧ್ಯ. ಥಾಮ್ಸನ್ ಕೈಬಿಟ್ಟಿದ್ದ ಪ್ರೇರಕತೆಯನ್ನು, ಅಂದರೆ ವಿದ್ಯುತ್ ಪ್ರವಾಹದ ಬದಲಾವಣೆಯನ್ನು ತಡೆಯುವ ಗುಣವನ್ನು, ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1876ರಲ್ಲಿ ಸೇರಿಸಿದಾಗ ಅಲೆಗೆ ಮಿತವಾದ ವೇಗ ಬಂತು. ಪ್ರೇರಕತೆ ಮತ್ತು ರೋಧಗಳ ಅನುಪಾತವು ಧಾರಕತೆ ಮತ್ತು ಹೊದಿಕೆಯ ಮೂಲಕ ಆಗುವ ವಿದ್ಯುತ್ ಸೋರಿಕೆಗಳ ಅನುಪಾತಕ್ಕೆ ಸಮನಾದರೆ ಸಂಕೇತ ಕುಗ್ಗಿದರೂ ಅದರ ಆಕಾರ ಕೆಡುವುದಿಲ್ಲವೆಂದು ಮುಂದೆ ಅವರೇ ತೋರಿಸಿದರು. ಪ್ರೇರಕತೆಯನ್ನು ಬೇಕೆಂದೇ ಹೆಚ್ಚಿಸಬೇಕು ಎಂಬ ಆ ಸಲಹೆ ಆಗಿನ ಅನುಭವಿ ಇಂಜಿನಿಯರುಗಳಿಗೆ ತಲೆಕೆಳಗಾದ ಮಾತಾಗಿ ಕಂಡಿತು. 1900ರ ಆಸುಪಾಸಿನಲ್ಲಿ ದೂರವಾಣಿ ಮಾರ್ಗಗಳ ಉದ್ದಕ್ಕೂ ಪ್ರೇರಕತೆ ಹೆಚ್ಚಿಸುವ ತಂತಿಯ ಸುರುಳಿಗಳನ್ನು ಜೋಡಿಸಿದ ಮೇಲೆ, ದೂರದೂರುಗಳ ನಡುವೆ ಮಾತು ಸ್ಪಷ್ಟವಾಗಿ ಕೇಳಿಸತೊಡಗಿತು.