ಶಾರ್ಟ್‌ಬ್ರೆಡ್ ಹಿಟ್ಟನ್ನು ನಾದಬೇಡಿ

ಕೇಳುಗರಿಗೆ ನಮಸ್ಕಾರ.

ಇವತ್ತು ಶಾರ್ಟ್‌ಬ್ರೆಡ್ ಮಾಡುವುದನ್ನು ಹೇಳುತ್ತೇನೆ. ಹೆಸರಲ್ಲಿ ಬ್ರೆಡ್ ಇದ್ದರೂ ಇದು ಸ್ಕಾಟ್ಲೆಂಡಿನ ಬೆಣ್ಣೆ ಬಿಸ್ಕತ್ತು. ಮೊಟ್ಟೆ ಬೇಡ, ಸೋಡಾ ಬೇಡ, ಹಾಲೂ ಬೇಡ. ಸಕ್ಕರೆ, ಬೆಣ್ಣೆ, ಮೈದಾ ಇದ್ದರೆ ಆಯಿತು. ಒಂದೇ ಮಾತು ನೆನಪಿಡಿ: ಹಿಟ್ಟನ್ನು ನಾದಬೇಡಿ.

ನಾನು ಇದನ್ನು ಕಲಿತದ್ದು ಮದುವೆ ಮನೆಯಲ್ಲಿ. ನನ್ನ ಅಣ್ಣನ ಮಗಳು ಶೆಟ್ಲೆಂಡಿನ ಹುಡುಗನನ್ನು ಮದುವೆಯಾದಳು. ಶೆಟ್ಲೆಂಡ್ ಅಂದರೆ ಸ್ಕಾಟ್ಲೆಂಡಿನ ಉತ್ತರಕ್ಕೆ, ಸಮುದ್ರದ ನಡುವೆ ಇರುವ ದ್ವೀಪಗಳು. ಅಬರ್ಡೀನಿನಲ್ಲಿ ಸಂಜೆ ಹಡಗು ಹತ್ತಿದರೆ ಬೆಳಿಗ್ಗೆ ಲೆರ್ವಿಕ್ ಊರು. ಜೂನ್ ತಿಂಗಳು. ರಾತ್ರಿ ಹನ್ನೊಂದಾದರೂ ಕಿಟಕಿಯಾಚೆ ಬೆಳಕು. ನಿದ್ದೆ ಬರಲಿಲ್ಲ. ಕೆಳಗೆ ಬಂದರೆ, ಹುಡುಗನ ಅಜ್ಜಿ ಅಡುಗೆಮನೆಯಲ್ಲಿ ಒಬ್ಬರೇ ಬೆಣ್ಣೆ ತೂಗುತ್ತಿದ್ದರು.

ನಮ್ಮಲ್ಲಿ ಹೊಸಿಲ ಮೇಲಿನ ಅಕ್ಕಿ ಸೇರು ಒದ್ದು ಸೊಸೆ ಒಳಗೆ ಬರುತ್ತಾಳೆ, ಅಲ್ವಾ? ಶೆಟ್ಲೆಂಡಿನ ಹಳೆಯ ಪದ್ಧತಿಯಲ್ಲಿ ಹೊಸಿಲ ಬಳಿ ಮದುಮಗಳ ತಲೆಯ ಮೇಲೆ ಶಾರ್ಟ್‌ಬ್ರೆಡ್ ಮುರಿಯುತ್ತಾರೆ. ಅದಕ್ಕೆ ಬ್ರೈಡ್ಸ್ ಬಾನ್ ಅಂತ ಹೆಸರು. ಜೀರಿಗೆಯನ್ನು ಹೋಲುವ ಕ್ಯಾರವೇ ಕಾಳು ಹಾಕಿರುತ್ತಾರೆ. ಬಿದ್ದ ಚೂರುಗಳನ್ನು ನೆಂಟರು ಆರಿಸಿಕೊಳ್ಳುತ್ತಾರೆ. ಮದುವೆಯಾಗದ ಹುಡುಗಿಯರು ದಿಂಬಿನಡಿ ಇಟ್ಟು ಮಲಗಿದರೆ ಮುಂದೆ ಕೈಹಿಡಿಯುವವನು ಕನಸಿನಲ್ಲಿ ಬರುತ್ತಾನಂತೆ.

ನಾನೂ ಮಾಡಿಕೊಡುತ್ತೇನೆ ಅಂದೆ. ಅಜ್ಜಿ ಬಟ್ಟಲು ನನ್ನ ಕಡೆ ಸರಿಸಿದರು. ನನ್ನದು ಹೋಳಿಗೆ ಕಣಕ ನಾದಿದ ಕೈ. ಅಂಗೈ ಊರಿ ನಾದತೊಡಗಿದೆ. ಅಜ್ಜಿ ಮೆಲ್ಲಗೆ ನನ್ನ ಮಣಿಕಟ್ಟು ಹಿಡಿದರು. "ಬೇಡಮ್ಮಾ, ನಾಳೆ ಇದು ಮಗುವಿನ ತಲೆ ಮೇಲೆ ಮುರಿಯಬೇಕು" ಅಂದರು. ನಾದಿದರೆ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದನ್ನು ಹುಡುಗಿಯ ತಲೆ ಮೇಲೆ ಮುರಿಯುವುದು ಹೇಗೆ? ನನ್ನ ಹಿಟ್ಟನ್ನು ಪಕ್ಕಕ್ಕಿಟ್ಟು, ಮತ್ತೆ ಮೊದಲಿಂದ ಕಲಸಿದರು. ಮರುದಿನ ಬಾಗಿಲಲ್ಲಿ ಎರಡು ಬೆರಳಲ್ಲಿ ಒತ್ತಿದ್ದಷ್ಟೇ, ಪುಡಿಪುಡಿಯಾಗಿ ಹುಡುಗಿಯ ಕೂದಲ ತುಂಬ ಉದುರಿತು. ಅಣ್ಣ ಅಲ್ಲೇ ಕಣ್ಣು ಒರೆಸಿಕೊಂಡ.

ಅದಕ್ಕೇ ಇಷ್ಟು ಹೇಳುತ್ತಿರುವುದು. ಮೈದಾ ನಾದಿದಷ್ಟೂ ಜಿಗಿ ಬರುತ್ತದೆ. ಹೋಳಿಗೆಗೆ ಜಿಗಿ ಬೇಕು, ಇದಕ್ಕೆ ಬೇಡ. ಬೆಣ್ಣೆ ಹಿಟ್ಟಿನ ಕಣಕಣಕ್ಕೂ ಸವರಿಕೊಂಡರೆ ಜಿಗಿ ಹುಟ್ಟುವುದಿಲ್ಲ. ನಿಪ್ಪಟ್ಟಿಗೆ ಕಾದ ಎಣ್ಣೆ ಹಾಕಿ ಹಿಟ್ಟು ಉಜ್ಜುತ್ತೀರಲ್ಲ, ಮುಷ್ಟಿ ಕಟ್ಟಿದರೆ ನಿಲ್ಲಬೇಕು, ಒತ್ತಿದರೆ ಉದುರಬೇಕು? ಇಲ್ಲೂ ಅದೇ ಹದ. ನಿಪ್ಪಟ್ಟು ಬರುವವರಿಗೆ ಇದೇನು ಕಷ್ಟವಲ್ಲ.

ಹೊತ್ತು ಕಮ್ಮಿ ಇದೆ, ಬೇಗ ಹೇಳುತ್ತೇನೆ. ಬರೆದುಕೊಳ್ಳಿ. ತೂಕದಲ್ಲಿ ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಹಿಟ್ಟು. ಅಂದರೆ 100 ಗ್ರಾಂ, 200 ಗ್ರಾಂ, 300 ಗ್ರಾಂ. ಹಿಟ್ಟಿನಲ್ಲಿ 50 ಗ್ರಾಂ ಅಕ್ಕಿ ಹಿಟ್ಟೋ ಚಿರೋಟಿ ರವೆಯೋ ಇರಲಿ, ಉಳಿದದ್ದು ಮೈದಾ. ಅಕ್ಕಿ ಹಿಟ್ಟು, ರವೆ ನಮ್ಮ ಸೇರ್ಪಡೆ ಅಂದುಕೊಳ್ಳಬೇಡಿ, ಸ್ಕಾಟ್ಲೆಂಡಿನವರೂ ಹಾಕುತ್ತಾರೆ. ಮನೆ ಬೆಣ್ಣೆಯಾದರೆ ಮಜ್ಜಿಗೆ ಪೂರ್ತಿ ಹಿಂಡಿ ತೆಗೆಯಿರಿ. ಚಿಟಿಕೆ ಉಪ್ಪು. ತುಪ್ಪ ಹಾಕಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಇದಕ್ಕೆ ಬೆಣ್ಣೆಯೇ ಆಗಬೇಕು.

ಬೆರಳ ತುದಿಯಲ್ಲಿ ಉಜ್ಜಿ, ತಟ್ಟೆಗೆ ಹಾಕಿ, ಸುಮ್ನೆ ಒತ್ತಿ. ಒಂದು ಬೆರಳು ದಪ್ಪ ಸಾಕು. ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ. ಓವನ್ 160 ಡಿಗ್ರಿ, ಸುಮಾರು 40 ನಿಮಿಷ. ಬಣ್ಣ ಜಾಸ್ತಿ ಬರಬಾರದು, ತಿಳಿ ಹೊಂಬಣ್ಣಕ್ಕೇ ತೆಗೆಯಿರಿ. ಬಿಸಿ ಇರುವಾಗಲೇ ಕತ್ತರಿಸಿ, ಆರಿದ ಮೇಲೆ ಕತ್ತರಿಸಲು ಹೋದರೆ ಒಡೆದುಹೋಗುತ್ತದೆ. ತಟ್ಟೆಯಲ್ಲೇ ಪೂರ್ತಿ ತಣ್ಣಗಾಗಲಿ. ಆಮೇಲೆ ಡಬ್ಬಿಗೆ ತುಂಬಿ.

ನಮಸ್ಕಾರ.